ತಂಗಿ ಬರೆದ ಆಕಾಶ

ಅಕ್ಕ ದಿನಾ ಕೆಲಸಕ್ಕೆ ಹೋಗುವ ಬಸ್ಸಿನ ಮೈತುಂಬ ಆ ವಾರ ಆಕಾಶ ಅಂಟಿಸಿದ್ದರು. ಮುಂದಿನ ಬಾಗಿಲಿನಿಂದ ಹಿಂದಿನ ದೀಪದವರೆಗೆ ಒಂದೇ ಹರವು. ಬೆಳಗಾಗುವುದಕ್ಕೂ ಮಳೆ ಬರುವುದಕ್ಕೂ ನಡುವೆ ಹೆಸರಿಲ್ಲದ ಒಂದು ಬಣ್ಣ ಇರುತ್ತದಲ್ಲ, ಆ ಬಣ್ಣ. ಕೆಳಗೆ ಗೋಪುರಗಳ ಊರು, ಊರಿನ ಮುಂದೆ ಕಬ್ಬಿಣದ ಗದೆ ಹಿಡಿದು ನಿಂತ ಒಬ್ಬ ಹೆಂಗಸು. ಹೊಸ ವಿಡಿಯೋ ಗೇಮಿನ ಜಾಹೀರಾತು ಅದು. ಕಿಟಕಿಯ ಗಾಜನ್ನೂ ಬಿಡದೆ ಸಣ್ಣ ತೂತಿನ ಹಾಳೆ ಮೆತ್ತಿದ್ದರಿಂದ ಒಳಗೆ ಕೂತವರಿಗೆ ಬೀದಿಯೆಲ್ಲ ಜರಡಿ ಹಿಡಿದು ನೋಡಿದಂತೆ ಕಾಣುತ್ತಿತ್ತು. ಬಸ್ಸು ನಿಲ್ದಾಣಕ್ಕೆ ಬಂದರೆ ಸಾಕು, ಮಕ್ಕಳು, ಮುದುಕರು, ತರಕಾರಿ ಚೀಲ ಹಿಡಿದವರು ಎಲ್ಲರೂ ಹತ್ತುವುದನ್ನು ಮರೆತು ಒಂದು ಗಳಿಗೆ ನೋಡುತ್ತಿದ್ದರು. ಅಕ್ಕ ಮಾತ್ರ ತಲೆ ತಗ್ಗಿಸಿ ಹತ್ತಿ, ತಲೆ ತಗ್ಗಿಸಿಯೇ ಇಳಿಯುತ್ತಿದ್ದಳು. ಆ ಆಕಾಶ ಬರೆದವಳು ಅವಳ ಒಡಹುಟ್ಟಿದ ತಂಗಿ, ಗುಬ್ಬಿ.

ಗುಬ್ಬಿ ಎಂಬುದು ಮನೆಯಲ್ಲಿ ಕರೆಯುವ ಹೆಸರು. ಚಿಕ್ಕಂದಿನಲ್ಲಿ ಅಕ್ಕ ಚಿತ್ರ ಬರೆಯಲು ಕೂತರೆ ಸದ್ದಿಲ್ಲದೆ ಪಕ್ಕಕ್ಕೆ ಬಂದು, ಅಕ್ಕ ಬಿಸಾಕಿದ ಮೋಟು ಪೆನ್ಸಿಲ್ಲುಗಳನ್ನು ಕಾಳು ಹೆಕ್ಕಿದ ಹಾಗೆ ಹೆಕ್ಕಿಕೊಳ್ಳುತ್ತಿದ್ದಳು. ಕುಂಚ ಹಿಡಿಯಲು ಅವಳಿಗೆ ಕಲಿಸಿದವಳು ಅಕ್ಕನೇ. ನೆಂಟರು ಬಂದಾಗ ಅಮ್ಮ ಒಳಗಿನಿಂದ ತಂದು ತೋರಿಸುತ್ತಿದ್ದದ್ದು ಅಕ್ಕನ ಚಿತ್ರಗಳನ್ನು. ಆಮೇಲೆ ಯಾವಾಗಲೋ, ಹಾಲು ಮೊಸರಾದಷ್ಟು ಸದ್ದಿಲ್ಲದೆ, ಅಮ್ಮ ತೋರಿಸುವ ಚಿತ್ರ ಗುಬ್ಬಿಯದಾಯಿತು. ಅಕ್ಕ ಜಗಳವಾಡಲಿಲ್ಲ, ಅಳಲಿಲ್ಲ. ಕುಂಚಗಳನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಏರಿಸಿದಳು, ಮತ್ತೆ ಇಳಿಸಲಿಲ್ಲ. ತಂಗಿಯ ಚಿತ್ರಗಳ ಬಗ್ಗೆ ಚೆನ್ನಾಗಿದೆ ಎಂದೂ ಅನ್ನದೆ, ಚೆನ್ನಾಗಿಲ್ಲ ಎಂದೂ ಅನ್ನದೆ ಇಷ್ಟು ವರ್ಷ ದಾಟಿಸಿದಳು. ಹೊಟ್ಟೆಕಿಚ್ಚಿನ ಮೇಲೆ ಬೂದಿ ಮುಚ್ಚಿದರೆ ಆರಿಹೋಗುತ್ತದೆ ಎಂದುಕೊಂಡಿದ್ದಳು. ಬೂದಿ ಮುಚ್ಚಿದ ಕೆಂಡವೇ ಬೆಳಗಿನವರೆಗೆ ಉಳಿಯುವುದು ಎಂದು ಒಲೆ ಉರಿಸಿದವರಿಗೆಲ್ಲ ಗೊತ್ತು.

ಅವಳ ಕೆಲಸ ಒಂದು ಪತ್ರಿಕೆಯಲ್ಲಿ. ಹೊಸದಾಗಿ ಬಂದ ವಿಡಿಯೋ ಗೇಮುಗಳನ್ನು ಆಡಿ, ಹೇಗಿವೆ ಎಂದು ವಾರಕ್ಕೊಂದು ಪುಟ ಬರೆಯುವುದು. ಅವಳ ಬರಹದಲ್ಲಿ ಯಾವಾಗಲೂ ಎರಡು ಭಾಗ, ‘ಕಣ್ಣಿಗೆ’ ಎಂದು ಒಂದು, ‘ಕೈಗೆ’ ಎಂದು ಇನ್ನೊಂದು. ನೋಡಲು ಹೇಗಿದೆ ಎನ್ನುವುದು ಮೊದಲನೆಯದು, ಆಡಲು ಹೇಗಿದೆ ಎನ್ನುವುದು ಎರಡನೆಯದು. ಕಣ್ಣು ಥಳಕಿಗೆ ಮರುಳಾದೀತು, ಕೈ ಆಗುವುದಿಲ್ಲ ಎಂಬ ನಂಬಿಕೆಯ ಮೇಲೆ ಅವಳೇ ಹಾಕಿಕೊಂಡ ಪದ್ಧತಿ ಅದು. ಸುಮ್ಮನೆ ಹೊಗಳುವವಳಲ್ಲ, ಸುಮ್ಮನೆ ತೆಗಳುವವಳೂ ಅಲ್ಲ ಎಂದು ಓದುಗರಲ್ಲಿ ಹೆಸರಿತ್ತು. ಅವಳು ಸಂಪಾದಿಸಿದ ಆಸ್ತಿ ಎಂದರೆ ಆ ಹೆಸರೊಂದೇ.

“ಈ ಬಸ್ಸಿನ ಮೇಲಿನ ಆಟದ ಬಗ್ಗೆ ನೀನೇ ಬರೀತೀಯೋ, ಬೇರೆ ಯಾರಿಗಾದ್ರೂ ಕೊಡ್ಲೋ?” ಎಂದು ಸಂಪಾದಕರು ಕೇಳಿದರು. ಕನ್ನಡಕ ಹಣೆಗೇರಿಸಿ ಮಾತಾಡಿದರೆ ಅವರಿಗೆ ಒಳಗೊಂದು ಅನುಮಾನ ಇದೆ ಎಂದೇ ಲೆಕ್ಕ.

“ಯಾಕೆ ಸರ್?”

“ತಂಗಿ ಅಂತ ಮುದ್ದು ಮಾಡ್ಬಿಟ್ರೆ?”

“ನಾನು ಯಾವತ್ತು ಯಾರನ್ನ ಮುದ್ದು ಮಾಡಿದೀನಿ?”

“ಅದೂ ಸರಿ ಅನ್ನು. ನಿನ್ನ ಗಂಡನ ಮುಖ ನೋಡಿದ್ರೇ ಗೊತ್ತಾಗುತ್ತೆ.” ಅವರು ನಕ್ಕು ಕನ್ನಡಕ ಇಳಿಸಿದರು. “ಆದ್ರೂ ಕೊನೇಲಿ ಒಂದು ಸಾಲು ಹಾಕ್ತೀನಮ್ಮ. ಬರೆದವರು ಈ ಆಟದ ಚಿತ್ರಕಾರ್ತಿಯ ಅಕ್ಕ ಅಂತ. ನಾಳೆ ಯಾರೂ ಬೆರಳು ತೋರಿಸೋ ಹಾಗಾಗ್ಬಾರ್ದು.”

ಎಲ್ಲಿ ಹೊಗಳಿಬಿಡುತ್ತಾಳೋ ಎಂಬ ಭಯ ಅವರಿಗೆ. ಅದಕ್ಕೆ ತಿರುಗಾಮುರುಗಾ ಆದೀತು ಎಂಬ ಭಯ ಯಾರಿಗೂ ಹುಟ್ಟಲಿಲ್ಲ. ಅಕ್ಕನಿಗೂ ಹುಟ್ಟಲಿಲ್ಲ.

ಆಟ ಅಂಗಡಿಗೆ ಬರುವ ಮೊದಲೇ ಅವಳಿಗೊಂದು ಪ್ರತಿ ತಲುಪಿತು. ಅದರ ಬೆನ್ನಿಗೇ ಗುಬ್ಬಿಯ ಫೋನು.

“ಅಕ್ಕಾ, ಬಂತಾ?”

“ಹೂಂ, ಬಂತು.”

“ನಿಜಾನೇ ಬರಿ. ನಾನಿದೀನಿ ಅಂತ ಮುಲಾಜು ನೋಡ್ಬೇಡ. ಎರಡನೇ ಭಾಗ ಮಾಡ್ತಾರಂತೆ, ಅದು ಹೇಗಿರ್ಬೇಕು ಅಂತ ಸದ್ಯದಲ್ಲೇ ಮೀಟಿಂಗು. ನಮ್ಮ ಕಂಪನಿ ಯಜಮಾನರು ನಿನ್ನ ಪುಟ ಅಲ್ಲಿ ಗಟ್ಟಿಯಾಗಿ ಓದಿಸ್ತಾರೆ. ನಾನು ಒಂದು ವಿಷಯ ಹೇಳಿ ಹೇಳಿ ಬಾಯಿ ಒಣಗಿಸ್ಕೊಂಡಿದೀನಿ, ಬಣ್ಣ ಬಳಿಯೋಳಿಗೆ ಇದೆಲ್ಲ ಯಾಕೆ ಅಂತಾರೆ.”

“ಏನು ವಿಷಯ?”

“ಈಗ ಹೇಳಿದ್ರೆ ನಾನೇ ಬರೆಸಿದ ಹಾಗಾಗುತ್ತೆ. ನೀನು ಆಡು, ನಿನ್ನ ಕೈಗೇ ಗೊತ್ತಾಗುತ್ತೆ. ನೀನು ಹೇಳಿದ್ರೆ ಕೇಳ್ತಾರೆ ಕಣಕ್ಕ. ನಿನ್ನ ಮಾತಿಗೆ ತೂಕ ಇದೆ.”

ಫೋನು ಇಟ್ಟಮೇಲೂ ಆ ಮಾತು ಅಕ್ಕನ ಕಿವಿಯಲ್ಲೇ ಇತ್ತು. ಮೆಚ್ಚಿ ಆಡಿದ ಮಾತೇ. ಆದರೂ ಬಣ್ಣ ನನಗೆ, ತೂಕ ನಿನಗೆ ಎಂದು ಮನೆ ಪಾಲು ಮಾಡಿದ ಹಾಗೆ ಕೇಳಿಸಿತು.

ಮಾರನೆಯ ದಿನ ಮಧ್ಯಾಹ್ನ ಕಿಟಕಿಯ ಪರದೆ ಎಳೆದು, ಟೀವಿ ಹಚ್ಚಿ ಕೂತಳು. ಆಟ ತೆರೆದುಕೊಂಡಿತು. ಮೊದಲು ಕಾಣಿಸಿದ್ದೇ ಆಕಾಶ. ಬಸ್ಸಿನ ಮೇಲಿದ್ದದ್ದು ಅದರ ನೆರಳೂ ಅಲ್ಲ. ಇಲ್ಲಿ ಅದು ಉಸಿರಾಡುತ್ತಿತ್ತು. ಮೋಡಗಳಿಗೆ ಅಂಚೇ ಬರೆದಿರಲಿಲ್ಲ. ಹಿಂದಿನಿಂದ ಬಂದ ಬೆಳಕೇ ಇಲ್ಲಿಗೆ ಮೋಡ ಮುಗಿಯಿತು ಎಂದು ಹೇಳುತ್ತಿತ್ತು. ಹರೆಯದಲ್ಲಿ ಅಕ್ಕ ಅದನ್ನೇ ಮಾಡಲು ಹೋಗಿ, ಬಾರದೆ, ಹಾಳೆ ಮೇಲೆ ಹಾಳೆ ಹರಿದು ಹಾಕಿದ್ದಳು. ಬಾರದ್ದು ತನಗೊಬ್ಬಳಿಗಲ್ಲ, ಅದು ಯಾರಿಗೂ ಬರುವಂಥದ್ದಲ್ಲ ಎಂದು ಸಮಾಧಾನ ಮಾಡಿಕೊಂಡು ಇಷ್ಟು ವರ್ಷ ಬದುಕಿದ್ದಳು. ಈಗ ನೋಡಿದರೆ ಬರುವಂಥದ್ದೇ.

ನೋಡುತ್ತ ಕೂತವಳ ಮೇಲೆ ಮುಖವಾಡದ ಸಿಪಾಯಿಗಳು ಬಂದು ಎರಗಿದರು. ಅಕ್ಕ ಆಡಿಸುತ್ತಿದ್ದ ಗದೆಯ ಹೆಂಗಸು ಸತ್ತುಬಿದ್ದಳು. ಮತ್ತೆ ಶುರು ಮಾಡಿದಳು, ಮತ್ತೆ ಕಣ್ಣು ಮೇಲಕ್ಕೇ ಹೋಯಿತು, ಮತ್ತೆ ಸಾವು. ಹೀಗಾದರೆ ಕೆಲಸ ಆದ ಹಾಗೇ ಎಂದುಕೊಂಡು ಎದ್ದಳು. ಬಚ್ಚಲುಮನೆಯಿಂದ ದಪ್ಪನೆಯ ಟವೆಲು ತಂದು ಟೀವಿಯ ಮೇಲರ್ಧಕ್ಕೆ ಇಳಿಬಿಟ್ಟಳು. ಹಿಂದೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಬಿಗಿ ಮಾಡಿದಳು. ಇದು ನ್ಯಾಯಕ್ಕಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ಕಣ್ಣಿನ ಗದ್ದಲ ನಿಂತರೆ ತಾನೇ ಕೈಯ ಮಾತು ಕೇಳಿಸುವುದು. ಕೈಯ ಭಾಗ ಮುಗಿಯಲಿ, ಆಮೇಲೆ ತೆಗೆದು ನೋಡಿದರಾಯಿತು.

ಈಗ ಕಾಣುತ್ತಿದ್ದದ್ದು ನೆಲ, ಕಾಲು, ಗದೆ. ಮೇಲಿನಿಂದ ಕಲ್ಲು ಬಿದ್ದರೆ ತಲೆಗೆ ತಗುಲಿದ ಮೇಲೆಯೇ ಗೊತ್ತಾಗುತ್ತಿತ್ತು. ಆದರೂ ಕೈಯ ಮಾತು ಚೆನ್ನಾಗಿಯೇ ಕೇಳಿಸಿತು. ಬೀದಿಗೆ ಸಿಪಾಯಿಗಳು ಬರುತ್ತಾರೆ. ಹೊಡೆದರೆ ಬೀಳುತ್ತಾರೆ. ಬಿದ್ದರೆ ಬಾಗಿಲು ತೆರೆಯುತ್ತದೆ. ಬೀದಿಯ ತುದಿಯಲ್ಲಿ ಒಬ್ಬ ದೈತ್ಯ. ಅವನು ಎಡಗೈ ಬೀಸುತ್ತಾನೆ, ಬಲಗೈ ಬೀಸುತ್ತಾನೆ, ನೆಲ ಗುದ್ದುತ್ತಾನೆ, ಸುಸ್ತಾಗಿ ನಿಲ್ಲುತ್ತಾನೆ. ಆಗ ಹೊಡೆಯಬೇಕು. ಮುಂದಿನ ಬೀದಿಯಲ್ಲೂ ಅದೇ ಸಿಪಾಯಿಗಳು, ಅದೇ ದೈತ್ಯ, ಮೈಗೆ ಮಾತ್ರ ಬೇರೆ ಬಣ್ಣ. ಅದರ ಮುಂದಿನ ಬೀದಿಯಲ್ಲಿ ಅವನಿಗೆ ಕೋಡು ಮೂಡಿತ್ತು, ಬುದ್ಧಿ ಮೂಡಿರಲಿಲ್ಲ. ಎಡಗೈ, ಬಲಗೈ, ನೆಲಕ್ಕೆ ಗುದ್ದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎನ್ನುತ್ತಾರಲ್ಲ, ಹಾಗೆ. ಗಾಣದ ಎತ್ತಿಗಾದರೂ ಎಣ್ಣೆ ಬಿಟ್ಟ ವಾಸನೆ ಸಿಗುತ್ತದೆ, ಇಲ್ಲಿ ಅದೂ ಇಲ್ಲ.

ಸಂಜೆ ಗಂಡ ಬಂದ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು. ಕೈಯ ಗ್ರೀಸು ಒರೆಸಿಕೊಳ್ಳಲು ಟವೆಲು ಹುಡುಕಿಕೊಂಡು ಬಂದು ಟೀವಿಯ ಮುಂದೆ ನಿಂತ.

“ಏನಾಯ್ತೇ ಇದಕ್ಕೆ? ಜ್ವರಾನಾ? ಹೊದಿಸಿ ಮಲಗ್ಸಿದೀಯ?”

“ಕೆಲಸ ಮಾಡ್ತಿದೀನಿ. ಮುಟ್ಬೇಡಿ.”

“ನಮ್ಮ ಗುಬ್ಬಿದಲ್ವಾ ಇದು? ಆಫೀಸಲ್ಲೆಲ್ಲ ಅದೇ ಮಾತು. ಆಕಾಶ, ಆಕಾಶ ಅಂತಾರೆ. ಎಲ್ಲಿ, ತೋರ್ಸು.”

“ಆಮೇಲೆ ನೋಡಿ. ಈಗ ಹೊಡೆದಾಟ ಹೇಗಿದೆ ಅಂತ ಹೇಳಿ.” ಅವಳು ಆಟ ಆಡಿಸುವ ಕಂಟ್ರೋಲರನ್ನು ಅವನ ಕೈಗೆ ಕೊಟ್ಟು ಎದ್ದಳು.

ಅವನು ಒಂದು ಕೈಯಲ್ಲಿ ಬ್ರೆಡ್ಡು ತಿನ್ನುತ್ತ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಒಂದೇ ಗುಂಡಿ ಒತ್ತುತ್ತ ಕೂತ. ಸ್ವಲ್ಪ ಹೊತ್ತಿಗೆ ದೈತ್ಯ ಬಿದ್ದ. ಬ್ರೆಡ್ಡು ಮುಗಿಯುವಷ್ಟರಲ್ಲಿ ಇನ್ನೊಬ್ಬ ಬಿದ್ದ.

“ನಾನು ಗೆದ್ನಾ?”

“ಗೆದ್ರಿ.”

“ಮತ್ತೆ ನಂಗ್ಯಾಕೆ ಏನೂ ಅನ್ಸಲಿಲ್ಲ? ನಮ್ಮ ಲಿಫ್ಟಿನ ಗುಂಡಿ ಒತ್ತಿದ ಹಾಗೇ ಇದೆ. ಅದು ಮೇಲಕ್ಕಾದ್ರೂ ಕರ್ಕೊಂಡೋಗುತ್ತೆ.”

ಅಕ್ಕನಿಗೆ ನಗು ಬಂತು. ಆ ದಿನದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು. ಆಟ ಸಪ್ಪೆ. ಎಲ್ಲರೂ ತಲೆ ಮೇಲೆ ಹೊತ್ತುಕೊಂಡು ಕುಣಿಯುತ್ತಿರುವ ಆಟ ಸಪ್ಪೆ. ಅದು ಸುಳ್ಳಲ್ಲ, ಬ್ರೆಡ್ಡು ತಿನ್ನುತ್ತ ಗೆದ್ದವನು ಕಣ್ಣೆದುರಿಗೇ ಇದ್ದಾನೆ. ಆ ಸಂತೋಷದಲ್ಲಿ ಅವಳು ಕೊನೆಯ ಬೀದಿಯವರೆಗೂ ಟವೆಲು ತೆಗೆಯದೆಯೇ ಆಡಿದಳು. ನೆಲದ ಮೇಲೆ ಬೀಳುವ ಬೆಳಕು ಒಂದು ಬೀದಿಯಲ್ಲಿ ತಾಮ್ರದಂತೆ, ಇನ್ನೊಂದರಲ್ಲಿ ಹಾಲಿನಂತೆ ಇತ್ತು. ಮೇಲೆ ಏನೋ ಬದಲಾಗುತ್ತಿದೆ ಎಂದು ತಿಳಿಯುವಷ್ಟು ಬುದ್ಧಿ ಅವಳಿಗಿತ್ತು. ಕೈ ಚಾಚಿ ಬಟ್ಟೆ ಸರಿಸುವಷ್ಟು ಮನಸ್ಸಿರಲಿಲ್ಲ.

ಬರೆಯಲು ಕೂತಾಗ ‘ಕೈಗೆ’ ಭಾಗ ನೀರು ಹರಿದಂತೆ ಹರಿಯಿತು. ಒಂದೊಂದು ಮಾತೂ ಆಡಿ, ತೂಗಿ ಬರೆದದ್ದು. ಎಲ್ಲಿ ಯಾವ ಸಿಪಾಯಿಗೆ ಬೇರೆ ನಡೆ ಕೊಡಬಹುದಿತ್ತು, ದೈತ್ಯನಿಗೆ ಯಾಕೆ ಕಲಿಯುವ ಬುದ್ಧಿ ಬೇಕಿತ್ತು ಎನ್ನುವುದನ್ನೂ ಹೇಳಿದಳು. ಉಳಿದದ್ದು ‘ಕಣ್ಣಿಗೆ’. ಈಗ ಎದ್ದು ಟವೆಲು ತೆಗೆದು, ಬೀದಿ ಬೀದಿ ಸುತ್ತಿ ಮೇಲೆ ನೋಡಬೇಕಿತ್ತು. ಅದರ ಬದಲು ಪೆನ್ನಿನ ಮೊನೆಗೆ ಒಂದು ಸಾಲು ತಾನಾಗಿ ಬಂದು ಕೂತಿತು: ‘ಆಕಾಶವೂ ಒಂದೇ, ಹೊಡೆದಾಟವೂ ಒಂದೇ. ಬಸ್ಸಿನ ಮೇಲೆ ನೋಡಿದವರು ಪೂರ್ತಿ ನೋಡಿದಂತೆ.’ ಎಷ್ಟು ಚೆನ್ನಾಗಿ ಕೂತಿತೆಂದರೆ ಅದನ್ನು ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ. ಮೊದಲ ಬೀದಿಯ ಆಕಾಶ ನೋಡಿದ್ದೇನಲ್ಲ, ಉಳಿದವೂ ಹಾಗೇ ಇರುತ್ತವೆ, ದೈತ್ಯನನ್ನೇ ಬದಲಿಸದವರು ಆಕಾಶ ಬದಲಿಸುತ್ತಾರೆಯೇ? ಅಂಕವನ್ನೂ ಅದಕ್ಕೆ ತಕ್ಕಂತೆ ಹಾಕಿ ಕಳಿಸಿದಳು.

ಪುಟ ಅಚ್ಚಾದ ದಿನವೇ ಆಟ ಅಂಗಡಿಗೂ ಬಂತು. ಜನ ಮನೆಮನೆಯಲ್ಲಿ ಆಡಿದರು. ಬೀದಿಗೊಂದು ಆಕಾಶ. ಒಂದರಲ್ಲಿ ಧೂಳಿನ ಮಧ್ಯಾಹ್ನ, ಒಂದರಲ್ಲಿ ಈಗಷ್ಟೇ ತೊಳೆದಿಟ್ಟ ಬೆಳಗು, ಒಂದರಲ್ಲಿ ಬರಲೋ ಬೇಡವೋ ಎನ್ನುವ ಮಳೆ. ಬೇರೆ ಪತ್ರಿಕೆಗಳು ಬರೆದದ್ದೆಲ್ಲ ಅದನ್ನೇ. ಹೊಡೆದಾಟ ಸ್ವಲ್ಪ ಒಂದೇ ಥರ ಎಂದು ಒಂದಿಬ್ಬರು ಕೊನೆಯಲ್ಲಿ ಗೊಣಗಿದ್ದರು ಅಷ್ಟೆ. ಅಕ್ಕನ ಸಾಲು ಮಾತ್ರ ಊರಿನ ನಗೆಯಾಯಿತು. ಅದರ ಕೆಳಗೆ ಸಂಪಾದಕರು ಹಾಕಿದ್ದ ‘ಬರೆದವರು ಚಿತ್ರಕಾರ್ತಿಯ ಅಕ್ಕ’ ಎಂಬ ಸಾಲನ್ನು ಸೇರಿಸಿಯೇ ಓದುತ್ತಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಒಬ್ಬರು ಬರೆದು ಕಳಿಸಿದರು. ಇನ್ನೊಬ್ಬರು, ಅಮ್ಮನವರಿಗೆ ಕತ್ತು ನೋವಿರಬೇಕು, ಮೇಲೆ ನೋಡಲಾಗಿಲ್ಲ ಪಾಪ, ಎಂದಿದ್ದರು.

“ಇಡೀ ಊರಿಗೆ ಕಂಡಿದ್ದು ನಿನಗ್ಯಾಕಮ್ಮ ಕಾಣ್ಲಿಲ್ಲ?” ಸಂಪಾದಕರ ಕನ್ನಡಕ ಹಣೆಯ ಮೇಲಿತ್ತು. ಸಿಟ್ಟಿರಲಿಲ್ಲ, ಬೇಸರವಿತ್ತು. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. “ನೀನು ಆಡೋದನ್ನ ಅರ್ಧಕ್ಕೇ ಬಿಟ್ಟೆ ಅಂತ ಹೇಳ್ತಿದಾರೆ.”

“ಪೂರ್ತಿ ಆಡಿದೀನಿ ಸರ್.”

“ಹಾಗಿದ್ರೆ ಇನ್ನೂ ಕಷ್ಟ. ಅರ್ಧ ಆಡಿದ್ರೆ ಸೋಮಾರಿ ಅನ್ನಬಹುದಿತ್ತು.”

ಅಮ್ಮನಿಗೂ ಸುದ್ದಿ ಮುಟ್ಟಿತ್ತು. “ದೊಡ್ಡವಳೇ, ಅವಳೂ ನಿನ್ನ ತಂಗಿ ಅಲ್ವೇನೇ?” ಎಂದಳು ಫೋನಿನಲ್ಲಿ. ಅಷ್ಟೇ ಹೇಳಿ ಇಟ್ಟಳು. ಸಂಜೆ ಗುಬ್ಬಿಯ ಫೋನು ಬಂತು. ಅದೂ ಚಿಕ್ಕದೇ.

“ಅಕ್ಕಾ, ನೀನು ನೋಡ್ಲೇ ಇಲ್ಲ ಅಲ್ವಾ?”

ಅಕ್ಕ ಟೀವಿಯ ಮೇಲೆ ಇನ್ನೂ ಇಳಿಬಿದ್ದಿದ್ದ ಟವೆಲಿನ ಕಡೆ ನೋಡಿದಳು.

“ಇಷ್ಟ ಆಗ್ಲಿಲ್ಲ ಅಂದ್ರೆ ಇಷ್ಟ ಆಗ್ಲಿಲ್ಲ ಅನ್ನು, ಪರವಾಗಿಲ್ಲ. ನೋಡ್ದೇನೇ ಬರೆದ್ಯಲ್ಲ.” ಸ್ವಲ್ಪ ತಡೆದು, “ಮೀಟಿಂಗು ಹತ್ರ ಬಂತು,” ಎಂದು ಇಟ್ಟುಬಿಟ್ಟಳು.

ಅಕ್ಕ ಆ ವಾರದ ರಜೆಯ ದಿನ ಟವೆಲು ಕಿತ್ತು ಒಗೆಯಲು ಹಾಕಿದಳು, ಆಟವನ್ನು ಮೊದಲಿನಿಂದ ಶುರು ಮಾಡಿದಳು. ಆಕಾಶ ನೋಡಬೇಕೆಂದರೆ ಬೇರೆ ದಾರಿಯಿಲ್ಲ, ಬೀದಿ ದಾಟಬೇಕು. ಬೀದಿ ದಾಟಬೇಕೆಂದರೆ ಅದೇ ಸಿಪಾಯಿಗಳನ್ನು ಹೊಡೆಯಬೇಕು, ಅದೇ ದೈತ್ಯನನ್ನು ಕೆಡವಬೇಕು. ಎಡಗೈ, ಬಲಗೈ, ನೆಲಕ್ಕೆ ಗುದ್ದು. ತನ್ನ ತಪ್ಪಿಗೆ ಇದಕ್ಕಿಂತ ತಕ್ಕ ಶಿಕ್ಷೆಯನ್ನು ಯಾವ ಪಂಚಾಯಿತಿಯೂ ಹೇಳುತ್ತಿರಲಿಲ್ಲ ಎಂದುಕೊಂಡಳು. ಗಂಡ ಬಾಗಿಲಲ್ಲಿ ಇಣುಕಿ, “ಮತ್ತೆ ಅದೇನಾ? ನಾನು ಬ್ರೆಡ್ಡು ತರ್ಲಾ?” ಎಂದ. ಅವಳು ನಗದ್ದನ್ನು ಕಂಡು ಪಕ್ಕದಲ್ಲಿ ಬಂದು ಕೂತ. ಕೊನೆಯ ಬೀದಿಗೆ ಬಂದಾಗ ಅವಳು ಆಟ ನಿಲ್ಲಿಸಿ ಮೇಲೆ ನೋಡಿದಳು. ಅಲ್ಲಿಯ ಆಕಾಶದಲ್ಲಿ ಹೆಚ್ಚೇನೂ ಇರಲಿಲ್ಲ. ಊರೆಲ್ಲ ಕೆಲಸ ಮುಗಿಸಿ ಕೈ ತೊಳೆದ ಹೊತ್ತಿನ ಬೆಳಕು, ದೂರದಲ್ಲಿ ಹರಿದ ಮೋಡ ಒಂದು. ಅಷ್ಟು ಕಡಿಮೆಯಲ್ಲಿ ಅಷ್ಟು ಹೇಳಬಹುದು ಎಂದು ಅಕ್ಕನಿಗೆ ಯಾರೂ ಕಲಿಸಿರಲಿಲ್ಲ. ಗುಬ್ಬಿಗೂ ಯಾರೂ ಕಲಿಸಿರಲಿಲ್ಲ. ಹೊಟ್ಟೆ ಮತ್ತೆ ಉರಿಯಿತು, ಆದರೆ ಬಸ್ಸಿನ ಮೇಲಿನ ಚಿತ್ರ ನೋಡಿದಾಗಿನ ಉರಿಯಲ್ಲ ಅದು. ಆಗ ಅಂದಾಜಿನ ಮೇಲೆ ಉರಿದಿತ್ತು, ಈಗ ಕಣ್ಣಾರೆ ಕಂಡು ಉರಿಯಿತು.

ಹೊಸದಾಗಿ ‘ಕಣ್ಣಿಗೆ’ ಬರೆದಳು. ‘ಆಕಾಶ ಒಂದೇ ಎಂದು ಬರೆದದ್ದು ತಪ್ಪು. ನಾನು ನೋಡದೆ ಬರೆದೆ. ಈಗ ನೋಡಿದ್ದೇನೆ,’ ಎಂದು ಶುರು ಮಾಡಿ, ಒಂದೊಂದು ಬೀದಿಯ ಆಕಾಶವನ್ನೂ ಬಿಡಿಸಿ ಹೇಳಿದಳು. ಪೂರ್ತಿ ಅಂಕ ಹಾಕಿದಳು. ‘ಕೈಗೆ’ ಭಾಗದಲ್ಲಿ ಒಂದಕ್ಷರ ಬದಲಿಸಲಿಲ್ಲ.

“ನಾಳೇನೇ ಹಾಕಿ ಸರ್.”

“ನಿನ್ನ ಪುಟ ಬರೋ ದಿನವೇ ಬರುತ್ತೆ. ತಪ್ಪಾಗಿದ್ದು ಎಲ್ಲೋ, ತಿದ್ದೋದೂ ಅಲ್ಲೇ. ಅದು ನೀನೇ ಒಪ್ಪಿದ ನಿಯಮ.”

“ಅಷ್ಟರಲ್ಲಿ ಅವರ ಮೀಟಿಂಗು ಮುಗಿದ್ಹೋಗುತ್ತೆ.”

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲಮ್ಮ. ನಾನೇನು ಮಾಡ್ಲಿ?”

ಮೀಟಿಂಗು ಮುಗಿದ ಮರುದಿನ ಗುಬ್ಬಿ ತಾನೇ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತಳು. ಬೆರಳ ಸಂದಿಯಲ್ಲಿ ಇನ್ನೂ ನೀಲಿ ಇತ್ತು. ಕಂಪ್ಯೂಟರಿನಲ್ಲಿ ಬರೆಯುವುದಕ್ಕೆ ಮೊದಲು ಕಾಗದದ ಮೇಲೆ ಬಣ್ಣ ಕಲಸಿ ನೋಡುವ ಅಭ್ಯಾಸ ಅವಳದು.

“ಏನಾಯ್ತು?” ಎಂದಳು ಅಕ್ಕ.

“ನನ್ನನ್ನ ಚಿತ್ರದವರಿಗೆಲ್ಲ ಮುಖ್ಯಸ್ಥೆ ಮಾಡಿದ್ರು.”

ಅಕ್ಕನ ಎದೆಯಲ್ಲಿ ಏನೋ ಚುಚ್ಚಿ ಹೋಯಿತು. “ಒಳ್ಳೇದಾಯ್ತಲ್ಲ.”

“ಏನು ಒಳ್ಳೇದು? ನಾನು ಅವರಿಗೆ ಬಡ್ಕೊಂಡಿದ್ದು ಹೊಡೆದಾಟ ಬದಲಾಯ್ಸಿ ಅಂತ. ಇಷ್ಟು ಬೀದಿ ಕಟ್ಟಿದೀವಿ, ಎಲ್ಲಾ ಕಡೆ ಅದೇ ದೈತ್ಯನಾ ಅಂತ. ನೀನು ಬರೆದಿದ್ದೂ ಅದೇನೇ. ನನ್ನ ತಲೆಯಲ್ಲಿದ್ದಿದ್ದೇ ಅಚ್ಚಾದ ಹಾಗಿತ್ತು. ಮೀಟಿಂಗಲ್ಲಿ ಒಬ್ರು ಅದನ್ನ ಓದಿ, ಇದರಲ್ಲಿ ಸತ್ಯ ಇದೆ ಅಂತಾನೂ ಅಂದ್ರು.”

“ಮತ್ತೆ?”

“ಯಜಮಾನರು ಅಂದ್ರು, ಆಕಾಶಾನೇ ಕಾಣದೋಳಿಗೆ ಹೊಡೆದಾಟ ಏನು ಕಂಡೀತು ಅಂತ. ಎಲ್ರೂ ನಕ್ಕರು.” ಗುಬ್ಬಿ ಬೆರಳ ನೀಲಿಯನ್ನು ಉಗುರಿನಿಂದ ಕೆರೆದಳು. “ನಾನೂ ನಗ್ಬೇಕಾಯ್ತು. ನಗ್ದೇ ಇದ್ರೆ ಅಕ್ಕನ ಪರ ಅಂತಿದ್ರು. ಎರಡನೇ ಭಾಗದಲ್ಲೂ ಅದೇ ಹೊಡೆದಾಟವಂತೆ. ಆಕಾಶ ಮಾತ್ರ ಇನ್ನೂ ಜಾಸ್ತಿ. ಹೆಣಕ್ಕೆ ಸಿಂಗಾರ ಮಾಡೋದು ಈಗ ನನ್ನ ಕೆಲಸ.”

ಅಕ್ಕ ಅವಳ ಕೈಯನ್ನೇ ನೋಡುತ್ತಿದ್ದಳು. ತಾನು ಹಿಡಿದು ತಿದ್ದಿಸಿದ ಕೈ. ತಾನು ಆಡಿದ ಅಷ್ಟು ನಿಜ, ಒಂದು ಸುಳ್ಳಿನ ಭಾರಕ್ಕೆ ಮುಳುಗಿಹೋಗಿತ್ತು. ಆ ಸುಳ್ಳನ್ನು ತೋರಿಸಿಕೊಡುವ ಭರದಲ್ಲಿ ಊರೆಲ್ಲ ತಂಗಿಯ ಆಕಾಶವನ್ನು ಇನ್ನಷ್ಟು ಎತ್ತರಕ್ಕೆ ಏರಿಸಿತ್ತು. ಇಷ್ಟೆಲ್ಲ ಆದಮೇಲೂ ಮುಖ್ಯಸ್ಥೆ ಎಂಬ ಮಾತು ಒಳಗೆ ಚುಚ್ಚುತ್ತಲೇ ಇತ್ತು. ಅದು ಅವಳಿಗೇ ನಾಚಿಕೆ ತಂದಿತು.

“ಯಾಕಕ್ಕ ನೋಡ್ಲಿಲ್ಲ?”

“ನೋಡೋಕಾಗ್ಲಿಲ್ಲ ಕಣೆ.”

“ಯಾಕೆ?”

“ಹೊಟ್ಟೆ ಉರೀತು.”

ಗುಬ್ಬಿ ತಲೆಯೆತ್ತಿದಳು. ಸಿಟ್ಟು, ದುಃಖ ಎರಡೂ ಇದ್ದ ಆ ಮುಖದಲ್ಲಿ, ತಡೆಯಬೇಕೆಂದರೂ ತಡೆಯಲಾಗದೆ, ಬೇರೇನೋ ಬೆಳಗಿತು.

“ಅಷ್ಟು ಚೆನ್ನಾಗಿತ್ತಾ?”

ಆ ಬೆಳಕನ್ನು ನೋಡುವುದೂ ಅಕ್ಕನಿಗೆ ಕಷ್ಟವಾಯಿತು. ಈ ಸಲ ಕಣ್ಣು ತಿರುಗಿಸಲಿಲ್ಲ. “ಹೂಂ,” ಎಂದಳು. “ಅಷ್ಟು ಚೆನ್ನಾಗಿತ್ತು.”

ಗುಬ್ಬಿ ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲವರೆಗೆ ಹೋದಳು. ಚಪ್ಪಲಿಗೆ ಕಾಲು ತೂರಿಸುತ್ತ, ಈ ಕಡೆ ತಿರುಗದೆಯೇ ಹೇಳಿದಳು.

“ಅಷ್ಟನ್ನೇ ಬರೆದಿದ್ರೆ ಸಾಕಿತ್ತಲ್ಲಕ್ಕ. ಉಳಿದಿದ್ದನ್ನೂ ನಂಬ್ತಿದ್ರು.”